ಚೊಗರಿನ ಬಣ್ಣ

ಅಡಿಕೆ ಬೇಯಿಸುವ ಒಲೆಯ ಮುಂದೆ ಕೂತಾಗಲೆಲ್ಲ ದೊಡ್ಡಮ್ಮನ ಆ ಸುಗ್ಗಿ ನೆನಪಾಗುತ್ತದೆ. ನಮ್ಮ ತೀರ್ಥಹಳ್ಳಿ ಕಡೆ ಕೊಯ್ಲು ಏರಿತೆಂದರೆ ಸುಲಿಯುವ ಹೆಂಗಸರು ಮೆಟ್ಟುಗತ್ತಿ ಬಿಟ್ಟು ಏಳುವುದಿಲ್ಲ. ಸುಲಿದಷ್ಟೇ ಕೂಲಿ. ಏಳಬೇಕಾದೀತೆಂದು ನೀರನ್ನೇ ಕುಡಿಯುವುದಿಲ್ಲ. ದೊಡ್ಡಮ್ಮನೂ ಅವರ ಜೊತೆಗೇ ಕೂರುತ್ತಿದ್ದಳು.

ಒಂದು ರಾತ್ರಿ ಬಚ್ಚಲಿನಿಂದ ಮೆಲ್ಲಗೆ ಕರೆದಳು. "ಬಾರೇ ಇಲ್ಲಿ. ಮುಟ್ಟು ನಿಂತು ನಾಲ್ಕು ವರ್ಷ ಆಯ್ತಲ್ಲ, ಇದೇನೇ?" ಕಲ್ಲಿನ ಮೇಲೆ ಹರಿದದ್ದು ಥೇಟ್ ಅಡಿಕೆ ಬೇಯಿಸಿದ ಚೊಗರಿನ ಬಣ್ಣ.

"ಉಷ್ಣ" ಅಂದರು ಎಲ್ಲರೂ. ನಾನೂ ಅಂದೆ. ಒಮ್ಮೆ ಆ ಮಾತು ಬಂತೆಂದರೆ ನಮ್ಮಲ್ಲಿ ಮುಂದೆ ಯಾರೂ ಏನೂ ಕೇಳುವುದಿಲ್ಲ. ಕೊತ್ತಂಬರಿ ಕಷಾಯ, ಲಾವಂಚದ ನೀರು, ಬಾಳೆದಿಂಡಿನ ಪಲ್ಯ ಎಲ್ಲ ಆಯಿತು. ಕಿಬ್ಬೊಟ್ಟೆ ನೋವು ಮಾತ್ರ ಹೋಗಲಿಲ್ಲ. ಮೂತ್ರ ತುಂಬಿದಂತೆ ಏರುತ್ತಿತ್ತು, ಹೋಗಿಬಂದರೆ ಇಳಿಯುತ್ತಿತ್ತು. ರಾತ್ರಿಗೆ ಹತ್ತು ಸಲ ಏಳುತ್ತಿದ್ದಳು. ಪೇಟೆಯ ಡಾಕ್ಟರು ಉರಿಮೂತ್ರವೆಂದು ಮೂರು ಸಲ ಮಾತ್ರೆ ಕೊಟ್ಟರು, ಒಮ್ಮೆಯೂ ಕಲ್ಚರ್ ಮಾಡಿಸಲಿಲ್ಲ.

ಕೊನೆಗೆ ಶಿವಮೊಗ್ಗಕ್ಕೆ ಹೋದೆವು. ಅಲ್ಲಿನ ಡಾಕ್ಟರಮ್ಮ ಮೊದಲು ಕೇಳಿದ್ದು, ರಕ್ತ ಮೂತ್ರದಲ್ಲೋ, ಮುಟ್ಟಿನ ದಾರಿಯಲ್ಲೋ ಎಂದು. ದೊಡ್ಡಮ್ಮನಿಗೆ ಸಿಟ್ಟು ಬಂತು, "ಅದು ನಂಗೆ ಹೇಗೆ ಗೊತ್ತಾಗತ್ತೆ?" ನಳಿಗೆ ಹಾಕಿ ಮೂತ್ರ ತೆಗೆದು ನೋಡಿದರು. ಮೂತ್ರದಲ್ಲೇ ಇತ್ತು. ಹೆಂಗಸರ ಮೂತ್ರನಾಳ ನಾಲ್ಕೇ ಸೆಂಟಿಮೀಟರ್, ಕ್ರಿಮಿ ಬೇಗ ಹತ್ತುತ್ತದೆ, ನಿಜ. ಆದರೆ ಇವಳ ಮೂತ್ರದಲ್ಲಿ ಕೀವಿನ ಕಣ ತುಂಬಾ ಇದ್ದರೂ ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ. ಸ್ಕ್ಯಾನಿನಲ್ಲಿ ಕಲ್ಲೂ ಕಾಣಲಿಲ್ಲ. ದುರ್ಬೀನು ಹಾಕಿ ಮೂತ್ರಕೋಶ ನೋಡಬೇಕು ಎಂದಾಗ ನಮಗೆ ಎದೆ ಡವಡವ. ಕ್ಯಾನ್ಸರಿನ ರಕ್ತ ಬಹಳ ಸಲ ನೋವೇ ಇಲ್ಲದೆ ಬರುತ್ತದಂತೆ. ಒಂದು ದಿನ ಬಂದು ನಿಂತೂ ಹೋಗುತ್ತದಂತೆ, ಜನ ಮರೆತುಬಿಡುತ್ತಾರಂತೆ. ಜೊತೆಗೆ ಬಂದಿದ್ದ ಸೊಸೆಯತ್ತ ತಿರುಗಿ, "ಮುಟ್ಟಿನ ದಿನಗಳಲ್ಲೇ ಹೀಗಾದರೆ ಅದು ಎಂಡೊಮೆಟ್ರಿಯೋಸಿಸ್ ಇರಬಹುದು, ಸುಮ್ಮನಿರಬೇಡ" ಅಂದರು. ಅವಳು ತಲೆ ತಗ್ಗಿಸಿದಳು. ಆ ಕತೆ ಬೇರೆ.

ದುರ್ಬೀನಿನಲ್ಲಿ ಗಂಟೇನೂ ಇರಲಿಲ್ಲ, ಮೂತ್ರಕೋಶ ಕೆಂಪಗೆ ಹುಣ್ಣಾಗಿತ್ತು. "ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತಾ?" ಎಂದು ಕೇಳಿದರು. ದೊಡ್ಡಮ್ಮ ಬಹಳ ಹೊತ್ತು ಸುಮ್ಮನಿದ್ದಳು. ಮದುವೆಯಾಗಿ ಬಂದ ಹೊಸತರಲ್ಲಿ ಕೆಮ್ಮಿ ಕೆಮ್ಮಿ ಸತ್ತ ಅತ್ತೆಯ ಶುಶ್ರೂಷೆ ಇವಳೇ ಮಾಡಿದ್ದು. ಮೂರು ದಿನ ಬೆಳಗಿನ ಮೊದಲ ಮೂತ್ರ ಹಿಡಿದು ಕೊಟ್ಟೆವು. ಕ್ಷಯವೇ. ಎಷ್ಟೋ ವರ್ಷ ಮೂತ್ರಪಿಂಡದಲ್ಲಿ ಮಲಗಿದ್ದು ಕೆಳಗಿಳಿದಿತ್ತು. ದೊಡ್ಡಮ್ಮ ಒಂದು ದಿನವೂ ಕೆಮ್ಮಿದವಳಲ್ಲ.

ಆರು ತಿಂಗಳ ಮಾತ್ರೆ, ಸರ್ಕಾರದ್ದು, ಪುಕ್ಕಟೆ. ಎರಡನೇ ದಿನವೇ ಬಚ್ಚಲಿನಿಂದ ಕೂಗು, "ಮತ್ತೆ ಕೆಂಪು ಕಣೇ!" ನಾನು ಒಲೆಯ ಮೇಲಿನ ಹಂಡೆ ಬಿಟ್ಟು ಓಡಿ ಡಾಕ್ಟರಿಗೆ ಫೋನು ಮಾಡಿದೆ. ಅವರು ನಕ್ಕರು. ರಿಫಾಂಪಿಸಿನ್ ನುಂಗಿದರೆ ಮೂತ್ರ ಕಿತ್ತಳೆ-ಕೆಂಪಾಗುತ್ತದೆ, ಹೇಳಲು ಮರೆತೆ ಅಂದರು.

"ರಕ್ತ ಬಂದಾಗ ಕಷಾಯ ಕಾಸಿದ್ರಿ, ಮಾತ್ರೆ ಬಣ್ಣಕ್ಕೆ ಓಡಿದ್ರಿ" ಎಂದು ದೊಡ್ಡಮ್ಮ ಈಗಲೂ ಹಂಗಿಸುತ್ತಾಳೆ.