ಹದಿನೇಳು ಸಾವಿರದ ಅಡುಗೆಮನೆ

ನಮ್ಮ ಕಡೆ ಇಪ್ಪತ್ತು, ಇಪ್ಪತ್ತೈದು ವರ್ಷದ ಹಿಂದೆ ಕಟ್ಟಿದ ಯಾವ ಮನೆಗೆ ಹೋದರೂ ಅಡುಗೆಮನೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ಗೋಡೆಗೆ ಅಂಟಿಕೊಂಡ ಕಟ್ಟೆ, ಅದರ ಕೆಳಗೆ ನಿಲ್ಲಿಸಿದ ಕಡಪ ಕಲ್ಲುಗಳು, ಮುಂದುಗಡೆ ಮರದ ಫ್ರೇಮು, ಫ್ರೇಮಿಗೆ ಬಾಗಿಲು. ಬಾಗಿಲಿಗೆ ಮೊದಲು ಹೊಡೆದ ಬಣ್ಣ ಯಾವುದು ಅಂತ ಯಾರಿಗೂ ನೆನಪಿರಲ್ಲ. ಈಗಿರೋದು ಒಗ್ಗರಣೆ ಬಣ್ಣ.

ತಾಂಡ್ಯದ ನಮ್ಮ ಮನೆಯದ್ದೂ ಅಂಥದ್ದೇ. ಸಿಂಕಿನ ಕೆಳಗಿನ ಎರಡು ಬಾಗಿಲು ನೀರು ಕುಡಿದು ಪುಸ್ತಕದ ಹಾಳೆ ಥರ ಬಿಚ್ಚಿಕೊಂಡಿದ್ದವು. ಒಲೆ ಕೆಳಗಿನ ಬಾಗಿಲ ಕೀಲು ಸಡಿಲವಾಗಿ, ತೆಗೆಯೋಕೆ ಒಂದು ಕೈ, ಎತ್ತಿ ಹಿಡಿಯೋಕೆ ಇನ್ನೊಂದು ಕೈ ಬೇಕಿತ್ತು. ಅಮ್ಮನಿಗೆ ಮಂಡಿ ನೋವು. ಕುಕ್ಕರ್ ತೆಗೆಯೋಕೆ ಕುಕ್ಕರುಗಾಲಲ್ಲಿ ಕೂತರೆ ಏಳೋಕೆ ಯಾರಾದ್ರೂ ಕೈ ಕೊಡಬೇಕು. ನಾನು ಬೆಳಗಿನ ಶಿಫ್ಟಿಗೆ ಹೋದಮೇಲೆ ಕೈ ಕೊಡೋರು ಯಾರೂ ಇಲ್ಲ.

ಮೈಸೂರಿನ ಒಂದು ಮಾಡ್ಯುಲರ್ ಕಿಚನ್ ಅಂಗಡಿಯವರು ಬಂದು ಅಳತೆ ತಗೊಂಡು 2,10,000 ರೂಪಾಯಿ ಅಂದರು. ಹಳೇದನ್ನೆಲ್ಲ ಒಡೆದು ಹೊಸದಾಗಿ. ಚಿಮಣಿ ಬೇರೆ, ಒಡೆದ ಕೂಲಿ ಬೇರೆ. ಲ್ಯಾಪ್‌ಟಾಪಲ್ಲಿ ತೋರಿಸಿದ ಚಿತ್ರ ಚೆನ್ನಾಗಿಯೇ ಇತ್ತು. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಮೇಲಿನ ಹಲಸಿನ ಬಾಗ್ಲು ಎಲ್ಲಿಗೋಯ್ತವೆ?"

ಅದಕ್ಕೊಂದು ಹಿನ್ನೆಲೆ ಇದೆ. ಊರ ಪಕ್ಕ ಕೈಗಾರಿಕಾ ಪ್ರದೇಶ ಮಾಡಿದಾಗ ನಮ್ಮ ಹೊಲವೂ ಹೋಯಿತು. ಬಂದ ಪರಿಹಾರದ ದುಡ್ಡಲ್ಲಿ ಅಪ್ಪ ಈ ಮನೆ ಕಟ್ಟಿಸಿದರು. ಹೊಲದ ಬದುವಲ್ಲಿದ್ದ ಹಲಸಿನ ಮರವನ್ನ ಕಡಿಸಿ, ಕೊಯ್ಸಿ, ಅದರ ಹಲಗೆಯಲ್ಲಿ ಅಡುಗೆಮನೆಯ ಮೇಲಿನ ನಾಲ್ಕು ಬಾಗಿಲು ಮಾಡಿಸಿದರು. ಮಿಕ್ಕಿದ್ದಕ್ಕೆಲ್ಲ ಪ್ಲೈವುಡ್. ಈಗ ಹೊಲ ಇಲ್ಲ, ಅಪ್ಪನೂ ಇಲ್ಲ. ನಾನು ದಿನಾ ಪಂಚ್ ಮಾಡೋ ಗೇಟು ಅದೇ ಏರಿಯಾದಲ್ಲಿದೆ. "ಆ ಮರ ನಮ್ಮ ಹೊಲದ್ದು ಕಣವ್ವ, ಗುಜರಿಗೆ ಹಾಕ್ಬ್ಯಾಡ" ಅಂದರು ಅಮ್ಮ. ಅಷ್ಟಕ್ಕೇ ಆ ಕೊಟೇಶನ್ ಮಡಿಸಿಟ್ಟೆ. ಜತೆಗೆ ತಮ್ಮನ ಕೊನೇ ಸೆಮಿಸ್ಟರಿನ ಫೀಸು ತಲೆ ಮೇಲಿತ್ತು, ಅದೂ ನಿಜ.

ಮಾರನೇ ಭಾನುವಾರ ಆಚಾರ್ರು ಬಂದರು. ಸ್ಕ್ರೂಡ್ರೈವರಿನ ಮೊನೆಯಲ್ಲಿ ಒಂದೊಂದು ಬಾಗಿಲನ್ನೂ ಚುಚ್ಚಿ ನೋಡಿದರು. ಮೊನೆ ಮೆತ್ತಗೆ ಒಳಗೆ ಹೋದರೆ ಆ ಮರ ಮುಗೀತು ಅಂತ ಲೆಕ್ಕ. ಆಮೇಲೆ ಬಗ್ಗಿ ಕಡಪ ಕಲ್ಲಿನ ಮೇಲೆ ಬೆರಳಲ್ಲಿ ಕುಟ್ಟಿದರು. "ಕಲ್ಲಿಗೇನಾಗದೆ? ಇನ್ನೆರಡು ತಲೆಮಾರು ನಿಂತ್ಕತದೆ. ಬಾಗ್ಲು ಮಾತ್ರ ನೋಡವ" ಅಂದರು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ದುಡ್ಡು ಉಳಿಯೋದು ಇಲ್ಲೇ. ಮಾಡ್ಯುಲರ್ ಅಂದಾಗ ಅವರು ಮಾರೋದು ಮುಖ್ಯವಾಗಿ ಪೆಟ್ಟಿಗೆ. ಕಡಿಮೆ ರೇಟಿನ ಪೆಟ್ಟಿಗೆ ಬಹಳ ಸಲ ಪಾರ್ಟಿಕಲ್ ಬೋರ್ಡಿನದು, ನೀರು ತಗುಲಿದರೆ ಉಬ್ಬುತ್ತೆ. ನಮ್ಮ ಹಳೇ ಅಡುಗೆಮನೆಗಳಲ್ಲಿ ಆ ಪೆಟ್ಟಿಗೆಯ ಕೆಲಸವನ್ನ ಕಲ್ಲು ಮಾಡ್ತಿದೆ. ಅದಕ್ಕೆ ಗೆದ್ದಲಿಲ್ಲ, ನೀರಿನ ಭಯ ಇಲ್ಲ. ಅದನ್ನ ಒಡೆಯೋಕೆ ಕೂಲಿ ಕೊಟ್ಟು, ಅದಕ್ಕಿಂತ ಬಡವಾದ ಪೆಟ್ಟಿಗೆಗೆ ಮತ್ತೆ ದುಡ್ಡು ಕೊಡೋದು ಯಾವ ಲೆಕ್ಕ?

ಹಳೇ ಕಟ್ಟೆಯನ್ನ ಉಳಿಸೋಕೆ ಇನ್ನೊಂದು ಕಾರಣ, ಮುದ್ದೆ. ನಮ್ಮ ಕಟ್ಟೆಯ ಎತ್ತರ 30 ಇಂಚು. ಅಂಗಡಿಯವರ ನಕ್ಷೆಯಲ್ಲಿ 34. ಅಮ್ಮ 4 ಅಡಿ 11 ಇಂಚು. ಕಟ್ಟೆ ಮೇಲೆ ಒಲೆ, ಒಲೆ ಮೇಲೆ ಪಾತ್ರೆ ಇಟ್ಟು ಹಿಟ್ಟಿನ ಕೋಲು ತಿರುವಬೇಕಾದರೆ ಭುಜದ ಬಲ ಮೇಲಿಂದ ಬೀಳಬೇಕು. ನಾಲ್ಕು ಇಂಚು ಎತ್ತರಿಸಿದರೆ ಭುಜಕ್ಕೂ ಡಾಕ್ಟರ ಹತ್ರ ಹೋಗಬೇಕಾಗುತ್ತೆ.

ಇವತ್ತಿನ ಫಿಟೆಡ್ ಕಿಚನ್‌ಗಳಿಗೆಲ್ಲ ಅಜ್ಜಿ ಅನ್ನಿಸಿಕೊಂಡಿರೋದು 1926ರ ಫ್ರಾಂಕ್‌ಫರ್ಟ್ ಕಿಚನ್. ಆಸ್ಟ್ರಿಯಾದ ಆರ್ಕಿಟೆಕ್ಟ್ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ ಫ್ರಾಂಕ್‌ಫರ್ಟ್ ನಗರದ ವಸತಿ ಯೋಜನೆಗೆ ಮಾಡಿದ್ದು. ಕಾರ್ಖಾನೆಯಲ್ಲಿ ಕೆಲಸವನ್ನ ಗಡಿಯಾರ ಹಿಡಿದು ಅಳೆಯೋ ಹಾಗೆ ಅಡುಗೆಯ ಓಡಾಟವನ್ನೂ ಅಳೆದು, ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಜಾಗದಲ್ಲಿ ಎಲ್ಲವನ್ನೂ ಕೈಗೆಟುಕೋ ಹಾಗೆ ಕೂರಿಸಿದರು. ಅಂಥವು ಸುಮಾರು 10,000 ತಯಾರಾದವು. ಅದನ್ನ ಮಾಡೋ ತನಕ ತಾನು ಅಡುಗೆಯನ್ನೇ ಮಾಡಿರಲಿಲ್ಲ ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ! ನಾನು ಪ್ರೊಡಕ್ಷನ್ ಪ್ಲಾನಿಂಗ್‌ನವಳು, ಅಳೆಯೋದು ನನಗೂ ಗೊತ್ತು. ಒಂದು ಬೆಳಗ್ಗೆ ಅಮ್ಮ ಎಷ್ಟು ಸಲ ಬಗ್ಗುತ್ತಾರೆ ಅಂತ ಎಣಿಸಿದೆ. ತಿಂಡಿ ಮುಗಿಯೋದರೊಳಗೆ 23 ಸಲ, ಅದರಲ್ಲಿ 16 ಒಲೆ ಕೆಳಗಿನ ಖಾನೆಗೆ. ಬದಲಾಗಬೇಕಾದ್ದು ಆ ಒಂದು ಖಾನೆ.

ಹಾಗಾಗಿ ಅಲ್ಲಿನ ಎರಡು ಬಾಗಿಲು ತೆಗೆದು ಮೂರು ಡ್ರಾಯರ್ ಮಾಡಿಸಿದೆವು. ಕಲ್ಲಿಗೆ ಸ್ಕ್ರೂ ಹೊಡೆಯೋ ಗೋಜಿಲ್ಲ. ಕಲ್ಲಿನ ಎರಡೂ ಪಕ್ಕ ಪ್ಲೈವುಡ್ ನಿಲ್ಲಿಸಿ, ಆ ಪ್ಲೈಗೆ ಚಾನೆಲ್ ಕೂರಿಸಿದರು. ಸಿಂಕಿನ ಕೆಳಗೆ ಎರಡು ಹೊಸ ಬಾಗಿಲು, ಅದಕ್ಕೂ ಮೊದಲು ಸೋರುತ್ತಿದ್ದ ಪೈಪಿಗೆ ಹೊಸ ವಾಷರ್. ಸೋರೋದು ನಿಲ್ಲಿಸದೆ ಬಾಗಿಲು ಬದಲಿಸಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಆಚಾರ್ರಿಗೆ ಫೋನ್ ಮಾಡಬೇಕು.

ಪ್ಲೈವುಡ್ ತರುವಾಗ ಹಲಗೆ ಮೇಲಿನ ಮುದ್ರೆ ನೋಡಿ. ಐಎಸ್ 303 ಅಂತಿದ್ದರೆ ಸಾಮಾನ್ಯ ಬಳಕೆಯದು, ಐಎಸ್ 710 ಅಂತಿದ್ದರೆ ನೀರಿಗೆ ತಡೆಯೋದು, ಅಂಗಡಿಯಲ್ಲಿ 'ಮರೈನ್' ಅಂತಾರೆ. ಸಿಂಕಿನ ಹತ್ತಿರ ಎರಡನೆಯದೇ ಇರಲಿ. ಮೈಕಾವನ್ನ ಎರಡೂ ಕಡೆ ಅಂಟಿಸಿ. ಒಂದೇ ಕಡೆ ಅಂಟಿಸಿದರೆ ಬಾಗಿಲು ಕಾಲಕ್ರಮೇಣ ಬಾಗುತ್ತೆ.

ಉಳಿದ ಆರು ಬಾಗಿಲಿನ ಕೆಲಸ ನನ್ನದೂ ತಮ್ಮನದೂ. ಮೊದಲು ಜಿಡ್ಡು ತೆಗೀಬೇಕು. ಜಿಡ್ಡಿರುವಾಗಲೇ ಉಜ್ಜಿದರೆ ಎಣ್ಣೆ ಮರದೊಳಗೇ ಹೋಗಿ, ಮೇಲೆ ಹೊಡೆದ ಬಣ್ಣ ಸಿಪ್ಪೆ ಏಳುತ್ತೆ. ಬಿಸಿನೀರು, ವಾಷಿಂಗ್ ಸೋಡಾ ಹಾಕಿ ತೊಳೆದೆವು. ಕೊನೆಗೆ ಅಮ್ಮ ತಂದಿಟ್ಟ ಸೀಗೆಪುಡಿಯೂ ಕೆಲಸಕ್ಕೆ ಬಂತು. ಒಂದು ದಿನ ಒಣಗಿಸಿ, ನೀರು ಹಚ್ಚಿಕೊಂಡು ವಾಟರ್ ಪೇಪರಿನಲ್ಲಿ ಉಜ್ಜಿದ್ದು. ಒಣ ಧೂಳು ಏಳಿಸಬೇಡಿ, ಮಾಸ್ಕ್ ಹಾಕ್ಕೊಳ್ಳಿ, ಮಕ್ಕಳನ್ನ ದೂರ ಇಡಿ. ಮನೆಗೆ ಹೊಡೆಯೋ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನೋ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೇ ಬಣ್ಣದಲ್ಲಿ ಎಷ್ಟಿದೆಯೋ ಯಾರು ಕಂಡಿದ್ದಾರೆ?

ಕೆಳಗಿನ ಎರಡು ಪ್ಲೈ ಬಾಗಿಲಿಗೆ ಪ್ರೈಮರ್, ಎರಡು ಕೋಟು ಎನಾಮೆಲ್. ಮೇಲಿನ ನಾಲ್ಕಕ್ಕೂ ಅದನ್ನೇ ಬಳಿಯೋಣ ಅಂದುಕೊಂಡಿದ್ದೆವು. ಉಜ್ಜುತ್ತಾ ಹೋದ ಹಾಗೆ ಕಂದು ಬಣ್ಣದ ಕೆಳಗಿಂದ ಹಲಸಿನ ಆ ಹಳದಿ ಎದ್ದು ಬಂತು. ಅಮ್ಮ ಸ್ವಲ್ಪ ಹೊತ್ತು ನೋಡ್ತಾ ನಿಂತರು. "ಬಣ್ಣ ಬ್ಯಾಡ ಬುಡ್ರವ್ವ" ಅಂದು ಒಳಗೆ ಹೋದರು. ಬರೀ ವಾರ್ನಿಷ್ ಹೊಡೆದೆವು.

ಲೆಕ್ಕ ಹೀಗಿದೆ. ಪ್ಲೈವುಡ್, ಮೈಕಾ 6,500. ಗೋಂದು, ಕೀಲು, ಹಿಡಿ, ಚಾನೆಲ್, ವಾಷರ್ 3,800. ಬಣ್ಣ, ವಾರ್ನಿಷ್, ಪೇಪರ್ 1,900. ಆಚಾರ್ರಿಗೆ ನಾಲ್ಕು ದಿನದ ಕೂಲಿ 4,800. ಗೂಡ್ಸ್ ಆಟೋ 450. ಒಟ್ಟು 17,450 ರೂಪಾಯಿ.

ಲ್ಯಾಪ್‌ಟಾಪಿನ ಚಿತ್ರದಷ್ಟು ಮಿರಮಿರ ಅಂತಿಲ್ಲ, ಒಪ್ಕೋತೀನಿ. ಮೇಲಿನದೊಂದು ಬಣ್ಣ, ಕೆಳಗಿನದೊಂದು ಬಣ್ಣ. ಬಂದ ನೆಂಟರು "ಅರ್ಧಕ್ಕೇ ನಿಲ್ಲಿಸಿದ್ರಾ?" ಅಂತ ಕೇಳಿದ್ದೂ ಉಂಟು. ತಮ್ಮನ ಫೀಸು ಕಟ್ಟಿಯಾಯ್ತು, ಸಾಲ ಇಲ್ಲದೆ. ಅಮ್ಮ ಈಗ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು ಡ್ರಾಯರ್ ಎಳೆದು ಕುಕ್ಕರ್ ತಗೋತಾರೆ. ನಾನು ಶಿಫ್ಟಿಗೆ ಹೊರಡುವಾಗ ಮನೆಯಲ್ಲಿ ಅವರಿಗೆ ಕೈ ಕೊಡೋರು ಯಾರಿದ್ದಾರೆ ಅನ್ನೋ ಯೋಚನೆ ಅಡುಗೆಮನೆಯ ಮಟ್ಟಿಗೆ ಕಮ್ಮಿಯಾಗಿದೆ. ಬಚ್ಚಲುಮನೆಯ ಮೆಟ್ಟಿಲು ಇನ್ನೂ ಇದೆ. ಅದರ ಅಳತೆ ತಗೊಂಡಿದ್ದೀನಿ, ಮುಂದಿನ ಬೋನಸ್ ಬರಲಿ.