ಅಮ್ಮ ಕಳಿಸಿದ ಮೇಣದಬತ್ತಿ

ಪ್ರತಿ ವರ್ಷ ಸೆಪ್ಟೆಂಬರ್ 8ರಂದು ಅಮ್ಮ ಬೇಗ ಅಡುಗೆ ಮುಗಿಸಿ, ಮತ್ತಿಕೆರೆಯಿಂದ ಶಿವಾಜಿನಗರದ ಬಸ್ಸು ಹತ್ತುತ್ತಾಳೆ. ನಾವೇನೂ ಕ್ರಿಶ್ಚಿಯನ್ನರಲ್ಲ. ನಮ್ಮ ದೇವರ ಗೂಡಿನಲ್ಲಿರುವುದು ತಿಮ್ಮಪ್ಪನ ಫೋಟೋ. ಆದರೂ ಸೇಂಟ್ ಮೇರೀಸ್ ಬೆಸಿಲಿಕಾದ ಹಬ್ಬವನ್ನು ಅವಳು ತಪ್ಪಿಸಿದ್ದು ನನಗೆ ನೆನಪಿಲ್ಲ.

ಈ ಸಲ ಮಂಡಿನೋವು. "ನೀನೇ ಹೋಗಿ ಒಂದು ಮೇಣದಬತ್ತಿ ಹಚ್ಚಿ ಬಾರೋ" ಅಂದಳು. ನಮ್ಮ ದೇವಸ್ಥಾನಕ್ಕೇ ಸರಿಯಾಗಿ ಹೋಗದ ನಾನು ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಗೊಣಗುತ್ತಲೇ ಹೊರಟೆ.

ಶಿವಾಜಿನಗರಕ್ಕೆ ಬ್ಲಾಕ್‌ಪಳ್ಳಿ ಅನ್ನುತ್ತಿದ್ದ ಕಾಲದಲ್ಲಿ, 19ನೇ ಶತಮಾನದ ಆರಂಭದಲ್ಲಿ, ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿ ಅಲ್ಲೊಂದು ಪುಟ್ಟ ಪ್ರಾರ್ಥನಾ ಮಂದಿರ ಕಟ್ಟಿಸಿದ್ದರಂತೆ. ಈಗಿನ ಎತ್ತರದ ಗೋಪುರದ ಚರ್ಚಿನ ಪ್ರತಿಷ್ಠೆ ಆದದ್ದು 1882ರ ಸೆಪ್ಟೆಂಬರ್ 8ರಂದು. ಆಗಸ್ಟ್ 29ಕ್ಕೆ ಬಾವುಟ ಏರಿಸಿದರೆ ಒಂಬತ್ತು ದಿನ ನೊವೆನಾ ಪ್ರಾರ್ಥನೆ. ಕೊನೆಗೆ ಮೇರಿಯಮ್ಮನ ಹುಟ್ಟುಹಬ್ಬ, ಸಂಜೆ ತೇರು.

ಹೋಗಿ ನೋಡಿದರೆ ಜನವೋ ಜನ! ಎಲ್ಲೆಲ್ಲೂ ಕಾವಿ ಬಣ್ಣದ ಸೀರೆ. ಕುಂಕುಮ ಇಟ್ಟವರು, ಬುರ್ಖಾ ತೊಟ್ಟವರು, ಬರಿಗಾಲಲ್ಲಿ ಬಂದವರು. ಒಂದು ಕಡೆ ಕನ್ನಡ, ಇನ್ನೊಂದು ಕಡೆ ತಮಿಳು. ಮೇರಿಯಮ್ಮನೂ ಸೀರೆ ಉಟ್ಟು ನಿಂತಿದ್ದಳು, ನಮ್ಮ ಕಡೆಯ ಗ್ರಾಮದೇವತೆಯ ಹಾಗೆ. ಮೇಣದಬತ್ತಿ ಹಚ್ಚಿದೆ. ಏನು ಕೇಳಿಕೊಳ್ಳಬೇಕೋ ಗೊತ್ತಾಗಲಿಲ್ಲ. ಸುಮ್ಮನೆ ನಿಂತಿದ್ದು ಬಂದೆ.

ರಾತ್ರಿ ಊಟ ಮಾಡುವಾಗ ಕೇಳಿದೆ, "ಅಮ್ಮಾ, ಇದು ನನ್ನ ಹರಕೆ ತಾನೇ?" ಚಿಕ್ಕವನಿದ್ದಾಗ ನನಗೆ ಕಾಮಾಲೆ ಆಗಿತ್ತು, ಅದಕ್ಕೇ ಇರಬೇಕು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ.

"ನಿಂದಲ್ಲ. ನಿನಗಿಂತ ಮುಂಚೆ ಹುಟ್ಟಿದ್ಳಲ್ಲ, ಅವಳದ್ದು."

ನನಗೊಬ್ಬಳು ಅಕ್ಕ ಹುಟ್ಟಿದ್ದಳು, ಎರಡು ತಿಂಗಳೂ ಉಳಿಯಲಿಲ್ಲ ಅಂತ ಅಜ್ಜಿ ಯಾವಾಗಲೋ ಹೇಳಿದ್ದು ಬಿಟ್ಟರೆ, ಮನೆಯಲ್ಲಿ ಯಾರೂ ಆ ಮಾತೆತ್ತಿದವರಲ್ಲ.

"ಹರಕೆ ಈಡೇರಲಿಲ್ಲವಲ್ಲಮ್ಮ. ಮತ್ಯಾಕೆ ಹೋಗ್ತೀಯ?"

ಅಮ್ಮ ಸ್ವಲ್ಪ ಹೊತ್ತು ತಟ್ಟೆ ನೋಡುತ್ತಾ ಕೂತಳು. "ಮನೇಲಿ ಅಳೋ ಹಾಗಿರ್ಲಿಲ್ಲ ಕಣೋ. ಅಲ್ಲಿ ಹೋಗಿ ಕೂತು ಅತ್ತುಬಿಟ್ಟೆ. ಯಾರೂ ಯಾಕೆ ಅಂತ ಕೇಳ್ಲಿಲ್ಲ. ಪಕ್ಕದಲ್ಲಿದ್ದ ಹೆಂಗಸೊಬ್ಳು ಕೈ ಹಿಡ್ಕೊಂಡು ಕೂತಿದ್ಳು, ಅಷ್ಟೇ."

ಹರಕೆ ಅಂದರೆ ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಅಂತ ನಾನು ಅಂದುಕೊಂಡಿದ್ದೆ. ಕಾಲೇಜಿನಲ್ಲಿ ಅದನ್ನು ಲೇವಡಿ ಮಾಡಿ ವಾದವನ್ನೂ ಮಾಡಿದ್ದೆ. ಇಲ್ಲಿ ಲೆಕ್ಕವೇ ಇರಲಿಲ್ಲ.

ಮುಂದಿನ ವರ್ಷ ಅಮ್ಮನ ಮಂಡಿ ಸರಿಹೋದರೆ ಇಬ್ಬರೂ ಹೋಗುತ್ತೇವೆ. ಸರಿಹೋಗದಿದ್ದರೂ ಆಟೋದಲ್ಲಾದರೂ ಕರೆದುಕೊಂಡು ಹೋಗಬೇಕು. ಅಕ್ಕನ ಹೆಸರಲ್ಲಿ ನಂದೂ ಒಂದು ಮೇಣದಬತ್ತಿ ಇರಲಿ.

ನಿಮ್ಮ ಅಮ್ಮನೂ ಹೀಗೆ ಹೇಳದೆ ಎಲ್ಲಿಗಾದರೂ ಹೋಗಿ ಬರುತ್ತಾರಾ? ಒಮ್ಮೆ ಕೇಳಿ ನೋಡಿ.