ಆಮೆಗೆ ಹಣ್ಣಲ್ಲ, ಹುಲ್ಲು ಕೊಡಿ
ಪರಿಚಯದವರ ಮನೆಯ ಸುಲ್ಕಾಟಾ ಆಮೆಗೆ ದಿನಾ ಬಾಳೆಹಣ್ಣು, ಟೊಮ್ಯಾಟೊ. ಪ್ರೀತಿಯಿಂದಲೇ ಕೊಡುತ್ತಾರೆ, ಅದೂ ಕತ್ತು ಚಾಚಿ ತಿನ್ನುತ್ತದೆ. ಆದರೆ ಇದು ಸಹಾರಾದ ದಕ್ಷಿಣ ಅಂಚಿನಲ್ಲಿ ಹುಲ್ಲು ಮೇಯ್ದು ಬದುಕುವ ಜೀವ. ಸಿಹಿ ಹಣ್ಣು ಹೊಟ್ಟೆ ಕೆಡಿಸುತ್ತದೆ. ಗರಿಕೆ, ಒಣಹುಲ್ಲೇ ಮುಖ್ಯ ಊಟವಾಗಲಿ. ಜೊತೆಗೆ ದಾಸವಾಳದ ಎಲೆ, ಹೂವು, ಮುಳ್ಳು ತೆಗೆದ ಪಾಪಸ್‌ಕಳ್ಳಿ. ಪಾಲಕ್ ದಿನಾ ಬೇಡ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಮೈಗೆ ಹತ್ತಲು ಬಿಡುವುದಿಲ್ಲ. ನೇರ ಬಿಸಿಲೂ ಬೇಕು. ಕಿಟಕಿ ಗಾಜಿನೊಳಗಿಂದ ಬಂದ ಬಿಸಿಲು ಡಿ3 ಜೀವಸತ್ವಕ್ಕೆ ಸಾಲದು. ಕ್ಯಾಲ್ಸಿಯಂ, ಬಿಸಿಲು ಕಮ್ಮಿಯಾದ ಮರಿಯ ಚಿಪ್ಪು ಮೆತ್ತಗಾಗಿ, ಬೆರಳಲ್ಲಿ ಒತ್ತಿದರೆ ತಗ್ಗುತ್ತದೆ. ನೋಡಿದರೆ ಕರುಳು ಚುರುಕ್ ಎನ್ನುತ್ತದೆ.

ನಮ್ಮ ನಕ್ಷತ್ರ ಆಮೆಯನ್ನಂತೂ ಮನೆಗೆ ತರಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.